ಹನ್ನೆರಡು ಮಿಲಿಮೀಟರ್

ಟೊಪ್ಪಿ ತೆಗೆ. ಜಡೆ ಬಿಚ್ಚು.
ಹಿಮ್ಮಡಿ ಹಲಗೆಗೆ ತಾಗಲಿ,
ಎದುರು ಗೋಡೆಯ ಮೊಳೆ ನೋಡು, ಉಸಿರು ಹಿಡಿ.
ಸಾಟುರ್ನಿನಾ ಓದಿ ತನ್ನ ಹಾಳೆಯಲ್ಲಿ ಬರೆಯುತ್ತಾಳೆ.
ಮಗುವನ್ನು ಇಳಿಸಿ ಮತ್ತೆ ನಿಲ್ಲಿಸಿ
ನಾನು ಓದಿ ನನ್ನ ಹಾಳೆಯಲ್ಲಿ ಬರೆಯುತ್ತೇನೆ.
ಒಬ್ಬರದು ಇನ್ನೊಬ್ಬರು ಇಣುಕುವ ಹಾಗಿಲ್ಲ,
ಅದು ಒರುರೋದ ಡಾಕ್ಟರ್ ಅರಾಮಾಯೊ ಅವರ ಅಪ್ಪಣೆ.

ನಮಗಿಂತ ಮೊದಲು ಇಲ್ಡೆಫೊನ್ಸೊ ಇದ್ದ.
ಅವನ ಹಾಳೆ ತೆಗೆದು ನೋಡಿದರೆ
ನೂರಹತ್ತು, ನೂರಹದಿನೈದು, ನೂರಿಪ್ಪತ್ತು:
ಚಿಯಾರ್ ಪಂಪಾದ ಮಕ್ಕಳೆಲ್ಲ
ಐದರ ಮಗ್ಗಿಯಲ್ಲೇ ಬೆಳೆದಿದ್ದರು.
ಚಳಿಗೆ ಬೆರಳು ಸೆಟೆದಾಗ
ಕಣ್ಣು ಹತ್ತಿರದ ದೊಡ್ಡ ಗೀಟಿಗೆ ಒರಗುತ್ತದೆ.
ನಾನೇನೂ ಅವನನ್ನು ಬೈಯಲಿಲ್ಲ.
ಹಾಳೆಯನ್ನು ಮಾತ್ರ ಲೆಕ್ಕಕ್ಕೆ ಸೇರಿಸಲಿಲ್ಲ.

ನಮ್ಮದು ಹಾಗಲ್ಲ.
ಅರವತ್ತಮೂರು ಮಕ್ಕಳು, ಎಲ್ಲರಿಗೂ ಏಳು ವರ್ಷದ ಆಸುಪಾಸು.
ಸರಾಸರಿ ನೂರಹದಿನಾರು ಪಾಯಿಂಟ್ ನಾಲ್ಕು.
ಮಧ್ಯಾಂಕ ಅದರ ಪಕ್ಕದಲ್ಲೇ ಕೂತಿದೆ, ಅಕ್ಕತಂಗಿಯರ ಹಾಗೆ.
ಮಾನಕ ವಿಚಲನೆ ಎಷ್ಟಿರಬೇಕೋ ಅಷ್ಟು.
ಅವಳ ಓದಿಗೂ ನನ್ನ ಓದಿಗೂ
ಮೂರು ಮಿಲಿಮೀಟರ್ ದಾಟಿದ ಅಂತರ ಒಂದೂ ಇಲ್ಲ.
ವಿಶ್ವಾಸಾರ್ಹತೆ ಸೊನ್ನೆ ಪಾಯಿಂಟ್ ಒಂಬತ್ತೊಂಬತ್ತು.
ಡಾಕ್ಟರ್ ಫೋನಿನಲ್ಲಿ ನಕ್ಕರು:
'ಡೆಲ್ಫಿನಾ, ಇಷ್ಟು ಚೊಕ್ಕ ದತ್ತಾಂಶ
ಈ ಇಡೀ ಬಯಲಿನಲ್ಲಿ ಬೇರೆಲ್ಲೂ ಸಿಕ್ಕಿಲ್ಲ.'
ಆ ರಾತ್ರಿ ಚುನ್ಯೊ ಸಾರಿಗೆ
ಒಂದು ತುಂಡು ಮಾಂಸ ಜಾಸ್ತಿ ಹಾಕಿದೆ.

ಆಮೇಲೊಂದು ಬುಧವಾರ, ಮಕ್ಕಳು ಇನ್ನೂ ಬಂದಿರಲಿಲ್ಲ,
ತಗಡಿನ ಮಾಡು ಗಾಳಿಗೆ ಬಡಿದುಕೊಳ್ಳುತ್ತಿತ್ತು,
ಸಾಟುರ್ನಿನಾ ತಮಾಷೆಗೆಂದು ಹಲಗೆಗೆ ನಿಂತಳು.
ನೂರೈವತ್ತು ಪಾಯಿಂಟ್ ಎಂಟು.
ಗುರುತಿನ ಚೀಟಿಯಲ್ಲಿ ನೂರೈವತ್ತೆರಡು.
'ಕುಗ್ಗಿದೆನಲ್ಲೇ, ಮುದುಕಿಯಾದೆ' ಎಂದು ನಕ್ಕಳು.
ಮೂವತ್ತೊಂದು ವರ್ಷದವಳು.

ಎದುರು ಅಂಗಡಿಯ ತಗಡು ಕೆಲಸದವನಿಂದ
ಉಕ್ಕಿನ ಟೇಪು ತಂದೆ.
ಹಲಗೆಯ ಬುಡದಲ್ಲಿ ಒಂದು ಬಿರುಕು.
ಅದನ್ನು ತಪ್ಪಿಸಿ, ಹನ್ನೆರಡು ಮಿಲಿಮೀಟರ್ ಮೇಲಿಂದ
ಅಳತೆಪಟ್ಟಿಯನ್ನು ಅಂಟಿಸಿದ್ದರು.
ಅಂಟಿಸಿದ್ದರು ಅನ್ನುತ್ತೇನೆ.
ಹೋದ ಮಳೆಗಾಲದಲ್ಲಿ ಪಟ್ಟಿ ಕಿತ್ತು ಬಂದಾಗ
ಗೋಂದು ಹಿಡಿದು ಕೂತವಳು ನಾನೇ.

ಎಲ್ಲರೂ ಒಂದೇ ಸುಳ್ಳನ್ನು ಒಂದೇ ದನಿಯಲ್ಲಿ ಹೇಳಿದರೆ
ಹರಡಿಕೆ ಕದಲುವುದಿಲ್ಲ,
ಇಬ್ಬರು ಸಾಕ್ಷಿಗಳ ನಡುವೆ ಜಗಳವಿರುವುದಿಲ್ಲ.
ಸರಾಸರಿಯೊಂದೇ ತಲೆ ತಗ್ಗಿಸಿ ನಿಲ್ಲುತ್ತದೆ,
ಯಾಕೆ ತಗ್ಗಿದೆ ಎಂದು
ಅದನ್ನು ಕೇಳುವವರಿಲ್ಲ.

ತಿದ್ದಿದೆ. ಪ್ರತಿ ಮಗುವಿಗೂ ಒಂದು ಪಾಯಿಂಟ್ ಎರಡು ಕೂಡಿಸಿ
ಷರಾ ಎಂಬ ಕಿರುಬೆರಳಿನಷ್ಟು ಜಾಗದಲ್ಲಿ
ತಪ್ಪು ನನ್ನದೆಂದು ಬರೆದು ಕಳಿಸಿದೆ.
ಒಂದೇ ಸಂಜೆಗೆ ಊರಿನ ಮಕ್ಕಳೆಲ್ಲ ಬೆಳೆದರು.
ಹನ್ನೊಂದು ಮಕ್ಕಳು ಗೆರೆ ದಾಟಿದರು.
ಗೆರೆಯ ಕೆಳಗಿದ್ದವರಿಗೆ ಮಾತ್ರ ತಿಂಗಳಿಗೆರಡು ಡಬ್ಬಿ ಹಾಲಿನ ಪುಡಿ.

ರುಫಿನಾ ಗೆರೆ ದಾಟಿದ್ದು ಎರಡೇ ಮಿಲಿಮೀಟರಿನಿಂದ.
ಅವಳ ತಾಯಿ ಏನೂ ಕೇಳಲಿಲ್ಲ,
ಖಾಲಿ ಚೀಲವನ್ನು ನಾಲ್ಕಾಗಿ ಮಡಿಚಿ
ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ಇವತ್ತು ಮತ್ತೆ ಅಳತೆ. ಹೊಸ ಹಲಗೆ, ಒರುರೋದಿಂದ ಬಂದದ್ದು.
ಟೊಪ್ಪಿ ತೆಗೆ. ಜಡೆ ಬಿಚ್ಚು. ಮೊಳೆ ನೋಡು.
ರುಫಿನಾ ಮೊಳೆಯನ್ನೇ ನೋಡುತ್ತಾಳೆ, ತುಟಿ ಬಿಗಿದು.
ಐದು ಪದರ ಲಂಗದೊಳಗೆ
ಅವಳ ಮೊಣಕಾಲು ಒಂಚೂರು ಬಾಗಿವೆ.

'ನೆಟ್ಟಗೆ ನಿಲ್ಲು' ಅನ್ನುವುದು ನನ್ನ ಕೆಲಸ.
ಗಾಳಿ ಬಾಗಿಲು ತಳ್ಳಿ, ಮತ್ತೆ ಎಳೆದುಕೊಂಡಿತು.
ಸಾಟುರ್ನಿನಾ ಓದಿದಳು, ಬರೆದಳು, ಹಾಳೆ ಮಗುಚಿಟ್ಟಳು.
ನಾನು ಓದಿದೆ. ಬರೆದೆ.

ಸಂಜೆ ಎರಡೂ ಹಾಳೆ ಪಕ್ಕಪಕ್ಕ ಇಟ್ಟಾಗ
ಆ ಸಾಲಿನಲ್ಲಿ ನಮ್ಮಿಬ್ಬರ ನಡುವೆ
ಕೂದಲೆಳೆಯಷ್ಟೂ ಅಂತರವಿರಲಿಲ್ಲ.